ತಾಯ್ನುಡಿಯಂತೆ ತಾಯ್ರುಚಿ

ಅದೇ ಬೇಳೆ, ಅದೇ ಹುಣಸೆಹಣ್ಣು, ಅದೇ ಅಳತೆಯ ಸಾರಿನಪುಡಿ ಹಾಕಿದರೂ ತಾಯಿಯ ಕೈರುಚಿ ಬೇರೆಯವರ ಸಾರಿಗೆ ಬರುವುದಿಲ್ಲವೇಕೆ ಎಂಬ ಪ್ರಶ್ನೆಯನ್ನು ಬರಿಯ ಮಮಕಾರದ ಮಾತೆಂದು ತಳ್ಳಿಹಾಕುವಂತಿಲ್ಲ. ಕೈರುಚಿಯೆಂಬುದು ಅಡುಗೆ ಮಾಡಿದವರ ಕೈಯಲ್ಲಿರುವಷ್ಟೇ ಉಂಡವರ ಮಿದುಳಿನಲ್ಲಿಯೂ ಇದೆ. ಅಲ್ಲಿ ಅದು ಬೇರೂರತೊಡಗುವುದು ಮಗು ಹುಟ್ಟುವುದಕ್ಕೂ ಮೊದಲೇ ಎಂಬುದನ್ನು ಕಳೆದ ಕೆಲವು ದಶಕಗಳ ಪ್ರಯೋಗಗಳು ತೋರಿಸಿಕೊಟ್ಟಿವೆ.

ಜನ ರುಚಿಯೆಂದು ಕರೆಯುವುದರಲ್ಲಿ ನಾಲಿಗೆಯ ಪಾಲು ಚಿಕ್ಕದು. ಅದು ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಅಣಬೆಯಲ್ಲಿಯೂ ಮಾಂಸದ ಸಾರಿನಲ್ಲಿಯೂ ಎದ್ದು ಕಾಣುವ ಉಮಾಮಿ ಎಂಬ ಐದನ್ನು ಮಾತ್ರ; ಇಂಗಿಗೂ ಕರಿಬೇವಿಗೂ ಹುರಿದ ಕೊತ್ತಂಬರಿ ಬೀಜಕ್ಕೂ ಇರುವ ಭೇದವೆಲ್ಲ ಅಗಿಯುವಾಗ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ವಾಸನೆಯಿಂದ ತಿಳಿಯುತ್ತದೆ; ನೆಗಡಿಯಾದಾಗ ಊಟ ಸಪ್ಪೆಯೆನಿಸುವುದು ಇದರಿಂದಲೇ. ವಾಸನಾಗ್ರಾಹಕಗಳ, ಅಂದರೆ ವಾಸನೆಯ ಕಣಗಳನ್ನು ಹಿಡಿಯುವ ಪ್ರೋಟೀನುಗಳ, ಜೀನ್ ಸಮೂಹವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮನುಷ್ಯನಲ್ಲಿ ಇಂಥ ಸುಮಾರು 400 ಗ್ರಾಹಕಗಳಿದ್ದು, ಕನ್ನಡದ 49 ಅಕ್ಷರಗಳು ಬೇರೆಬೇರೆ ರೀತಿಯಲ್ಲಿ ಕೂಡಿ ಲೆಕ್ಕವಿಲ್ಲದಷ್ಟು ಪದಗಳಾಗುವಂತೆ, ಗ್ರಾಹಕಗಳ ಬೇರೆಬೇರೆ ಕೂಟಗಳು ಬೇರೆಬೇರೆ ವಾಸನೆಗಳಾಗಿ ಮಿದುಳನ್ನು ತಲುಪುತ್ತವೆ.

ಈ ಭಾಷೆಯ ಹೋಲಿಕೆಯನ್ನು ಇನ್ನಷ್ಟು ದೂರ ಕೊಂಡೊಯ್ಯಬಹುದು. ಅಕ್ಷರಗಳು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆದರೂ ಧಾರವಾಡದ ಮಗುವಿಗೆ ಅಲ್ಲಿನ ಮಾತಿನ ಧಾಟಿಯೂ ಮಂಗಳೂರಿನ ಮಗುವಿಗೆ ಅಲ್ಲಿನದೂ ಪಾಠ ಹೇಳದೆಯೇ ಬರುತ್ತದೆ. ತಾಯಿಯ ದನಿಯಂತೂ ಗರ್ಭದಲ್ಲಿರುವಾಗಲೇ ಕಿವಿಗೆ ಬಿದ್ದು, ಹುಟ್ಟಿದ ಕೂಸು ಅದನ್ನು ಗುರುತಿಸುತ್ತದೆ. ರುಚಿಯೂ ಹಾಗೆಯೇ ಬರುತ್ತದೆಯೆಂಬುದನ್ನು ಪರೀಕ್ಷೆಗೊಡ್ಡಿದವರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಷಾಂಪ್ ಮುಖ್ಯರು. ಬೆಳ್ಳುಳ್ಳಿ ಸೇವಿಸಿದ ಗರ್ಭಿಣಿಯರ ಗರ್ಭೋದಕದಲ್ಲಿ, ಅಂದರೆ ಭ್ರೂಣವನ್ನು ಸುತ್ತುವರಿದಿರುವ ಮತ್ತು ಭ್ರೂಣವು ದಿನವೂ ನುಂಗುವ ದ್ರವದಲ್ಲಿ, ಬೆಳ್ಳುಳ್ಳಿಯ ವಾಸನೆ ಇಳಿದಿರುವುದನ್ನು ಅವರು 1995ರಲ್ಲಿ ವರದಿ ಮಾಡಿದರು. 2001ರ ಪ್ರಯೋಗದಲ್ಲಿ ಒಂದು ಗುಂಪಿನ ತಾಯಂದಿರು ಗರ್ಭದ ಕೊನೆಯ ತಿಂಗಳುಗಳಲ್ಲಿ, ಇನ್ನೊಂದು ಗುಂಪಿನವರು ಹಾಲೂಡಿಸುವ ಮೊದಲ ತಿಂಗಳುಗಳಲ್ಲಿ ಕ್ಯಾರೆಟ್ ರಸ ಕುಡಿದರು, ಮೂರನೆಯ ಗುಂಪಿನವರು ನೀರನ್ನಷ್ಟೇ ಕುಡಿದರು. ಮುಂದೆ ಕ್ಯಾರೆಟ್ ಬೆರೆಸಿದ ಧಾನ್ಯದ ಸರಿಯನ್ನು ಉಣಿಸಿದಾಗ, ಕ್ಯಾರೆಟ್ಟಿನ ಪರಿಚಯ ಮೊದಲೇ ಆಗಿದ್ದ ಮಕ್ಕಳು ಮೂರನೆಯ ಗುಂಪಿನ ಮಕ್ಕಳಿಗಿಂತ ಕಡಿಮೆ ಮುಖ ಸಿಂಡರಿಸಿದವು. 2022ರಲ್ಲಿ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಸಂಶೋಧಕರು ಗರ್ಭಿಣಿಯರಿಗೆ ಕ್ಯಾರೆಟ್ ಅಥವಾ ಕಹಿಯಾದ ಕೇಲ್ ಸೊಪ್ಪಿನ ಪುಡಿಯ ಗುಳಿಗೆ ಕೊಟ್ಟು ಸ್ಕ್ಯಾನ್ ಮಾಡಿದಾಗ, ಕ್ಯಾರೆಟ್ಟಿಗೆ ಭ್ರೂಣದ ಮುಖ ನಗುವಿನಂತೆಯೂ ಕೇಲ್‌ಗೆ ಅಳುವಿನಂತೆಯೂ ಕಂಡಿತು.

ಬಾಣಂತಿಗೆ ಧಾರಾಳವಾಗಿ ಬೆಳ್ಳುಳ್ಳಿ ಹಾಕಿ ಬಡಿಸುವ ಕರ್ನಾಟಕದ ಮನೆಗಳಿಗೆ ಮೆನೆಲ್ಲಾ ಮತ್ತು ಬೋಷಾಂಪ್ ಅವರ 1991ರ ಪ್ರಯೋಗ ಹತ್ತಿರವಾದುದು. ತಾಯಿ ಬೆಳ್ಳುಳ್ಳಿ ಸೇವಿಸಿದ ಸುಮಾರು ಎರಡು ಗಂಟೆಗಳಲ್ಲಿ ಎದೆಹಾಲಿನ ವಾಸನೆ ಬದಲಾಗಿ ತೀವ್ರಗೊಂಡಿತು. ಆ ಹಾಲನ್ನು ಕೂಸುಗಳು ತಳ್ಳಿಬಿಡದೆ ಹೆಚ್ಚು ಹೊತ್ತು ಎದೆಗೆ ಅಂಟಿಕೊಂಡು ಚೀಪಿದವು. ಬೆಳ್ಳುಳ್ಳಿಯಿಂದ ಹಾಲು ಹೆಚ್ಚುತ್ತದೆಯೆಂಬ ನಂಬಿಕೆಗೆ ಇದು ಪುರಾವೆಯಾಗುವುದಿಲ್ಲವಾದರೂ, ಮನೆಯ ಒಗ್ಗರಣೆ ಕೂಸಿನ ಮೊದಲ ಊಟದೊಳಗೇ ಇದೆಯೆಂಬುದಕ್ಕೆ ಖಂಡಿತವಾಗಿಯೂ ಪುರಾವೆ. ಹಾಗೆ ಕಲಿತದ್ದು ಆಳವಾಗಿ ಉಳಿಯುವುದಕ್ಕೂ ಕಾರಣವಿದೆ: ನೋಟ ಮತ್ತು ಶಬ್ದಗಳ ಸುದ್ದಿ ಥಾಲಮಸ್ ಎಂಬ ಮಿದುಳಿನ ಹಂಚಿಕೆಯ ಕೇಂದ್ರವನ್ನು ಮೊದಲು ಹಾದುಹೋಗಬೇಕಾದರೆ, ವಾಸನೆಯ ಸುದ್ದಿ ಆ ಸುತ್ತನ್ನು ತಪ್ಪಿಸಿ, ಭಾವನೆಗಳನ್ನು ನಿರ್ವಹಿಸುವ ಅಮಿಗ್ಡಲಕ್ಕೂ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ಸಿಗೂ ತೀರ ಸಮೀಪದ ದಾರಿಯಲ್ಲಿ ತಲುಪುತ್ತದೆ.

ರುಚಿಯ ನೆನಪು ಮಮತೆಯಾಗುವುದು ಹೇಗೆಂದು ಕೇಳಿದರೆ ಆಕ್ಸಿಟೋಸಿನ್ ಹಾರ್ಮೋನಿನ ಹೆಸರು ಬರುತ್ತದೆ. ಇದರ ಪ್ರಭಾವವನ್ನು 1906ರಲ್ಲಿ ಹೆನ್ರಿ ಡೇಲ್ ಗರ್ಭಕೋಶದ ಸಂಕೋಚನದಲ್ಲಿ ಗುರುತಿಸಿದರು. ಒಂಬತ್ತು ಅಮೈನೋ ಆಮ್ಲಗಳ ಈ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಿದ ವಿನ್ಸೆಂಟ್ ದು ವಿನ್ಯೋ 1955ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಹೆರಿಗೆಗೂ ಎದೆಹಾಲು ಇಳಿಯುವುದಕ್ಕೂ ಬೇಕಾದ ಇದನ್ನು ‘ಪ್ರೀತಿಯ ಹಾರ್ಮೋನ್’ ಎಂದು ಮಾರುವ ಉತ್ಸಾಹವನ್ನು ಮಾತ್ರ ಒಪ್ಪಲಾಗದು. ಮೂಗಿಗೆ ಸಿಂಪಡಿಸಿದರೆ ಅಪರಿಚಿತರಲ್ಲಿ ನಂಬಿಕೆ ಹೆಚ್ಚುತ್ತದೆಂದು 2005ರಲ್ಲಿ ಪ್ರಸಿದ್ಧವಾದ ಫಲಿತಾಂಶ, 2020ರಲ್ಲಿ ಪ್ರಕಟವಾದ ದೊಡ್ಡ ಮರುಪ್ರಯೋಗದಲ್ಲಿ ನಿಲ್ಲಲಿಲ್ಲ. ಆದರೆ ಉಗಾಂಡದ ಬುಡೊಂಗೊ ಕಾಡಿನ ಚಿಂಪಾಂಜಿಗಳ ಮೂತ್ರವನ್ನು ಪರೀಕ್ಷಿಸಿ ರೋಮನ್ ವಿಟಿಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬೇರೆಯೇ ತೂಕವಿದೆ. ಆಹಾರ ಹಂಚಿಕೊಂಡ ಮೇಲೆ ಕೊಟ್ಟವುಗಳಲ್ಲಿಯೂ ಪಡೆದವುಗಳಲ್ಲಿಯೂ ಆಕ್ಸಿಟೋಸಿನ್ ಏರಿತ್ತು, ಅದೂ ಪರಸ್ಪರ ಮೈ ನೇವರಿಸಿ ಹೇನು ಹೆಕ್ಕಿದ ನಂತರದ ಮಟ್ಟಕ್ಕಿಂತ ಹೆಚ್ಚಾಗಿ. ತಾಯಿ-ಮಗುವನ್ನು ಬೆಸೆಯಲು ವಿಕಾಸಗೊಂಡ ಹಾಲೂಡಿಸುವ ಹಳೆಯ ವ್ಯವಸ್ಥೆಯನ್ನೇ ಹಂಚಿ ತಿನ್ನುವ ನಡವಳಿಕೆ ಎರವಲು ಪಡೆದಿರಬೇಕೆಂಬುದು ಅವರ ಊಹೆ.

ಮನುಷ್ಯರಲ್ಲಿಯೂ ಈ ದಿಕ್ಕಿನ ಸುಳಿವುಗಳಿವೆ. ಷಿಕಾಗೊ ವಿಶ್ವವಿದ್ಯಾಲಯದ ಕೇಟ್ಲಿನ್ ವೂಲಿ ಮತ್ತು ಆಯೆಲೆಟ್ ಫಿಶ್‌ಬಾಕ್ 2017ರಲ್ಲಿ ತೋರಿಸಿದಂತೆ, ಒಂದೇ ತಿನಿಸು ತಿಂದ ಅಪರಿಚಿತರು ಬೇರೆಬೇರೆ ತಿನಿಸು ತಿಂದವರಿಗಿಂತ ಒಬ್ಬರನ್ನೊಬ್ಬರು ಹೆಚ್ಚು ನಂಬಿದರು, ಚೌಕಾಸಿಯಲ್ಲಿ ಬೇಗ ಒಪ್ಪಂದಕ್ಕೆ ಬಂದರು. ಒಂದೇ ಬಟ್ಟಲಿನಿಂದ ತಿಂದವರಲ್ಲಿ ಸಹಕಾರ ಹೆಚ್ಚೆಂದು ಅವರದೇ 2019ರ ಅಧ್ಯಯನ ಹೇಳಿತು. ಮದುವೆಯಲ್ಲಿ ವಧೂವರರನ್ನು ಒಟ್ಟಿಗೆ ಉಣ್ಣಲು ಕೂರಿಸುವ ಭೂಮದೂಟವನ್ನು ಏರ್ಪಡಿಸಿದ ಹಿರಿಯರು ಈ ಸತ್ಯವನ್ನು ಅಳೆಯಲಿಲ್ಲ, ಆದರೆ ಬಳಸಿಕೊಂಡರು.

ತಾಯ್ರುಚಿಯೆಂಬ ಹೆಸರಿನ ವ್ಯಾಪ್ತಿಯನ್ನು ಇಲ್ಲಿ ಸ್ವಲ್ಪ ಹಿಗ್ಗಿಸಬೇಕಾಗುತ್ತದೆ. ಗರ್ಭೋದಕಕ್ಕೂ ಎದೆಹಾಲಿಗೂ ಇಳಿಯುವುದು ತಾಯಿ ಉಂಡದ್ದು, ಅವಳೇ ಬೇಯಿಸಿದ್ದೆಂದೇನೂ ಇಲ್ಲ. ಬಸುರಿಯ ಬಯಕೆಯರಿತು ಅತ್ತೆ ಮಾಡಿಕೊಟ್ಟದ್ದು, ದುಡಿದು ಬಂದ ಗಂಡ ರಾತ್ರಿ ಕಲಸಿಕೊಟ್ಟ ಅನ್ನ, ಹೆರಿಗೆಗೆ ತವರಿಗೆ ಬಂದ ಮಗಳಿಗೆ ಅಜ್ಜಿಯಾಗಲಿರುವವಳು ಅರೆದು ಕುದಿಸಿದ ಸಾರು, ಇವೆಲ್ಲದರ ಪರಿಮಳ ಅದೇ ದಾರಿಯಲ್ಲಿ ಮಗುವನ್ನು ಸೇರಬಲ್ಲದು. ತಾಯಿಯ ಕೈರುಚಿಯೆಂದು ಮುಂದೆ ಆ ಮಗು ಹಂಬಲಿಸುವುದರಲ್ಲಿ, ತಾಯಿಗೆ ಉಣಬಡಿಸಿದ ಕೈಗಳ ಋಣವೂ ಬೆರೆತಿರುತ್ತದೆ.