ಸ್ತ್ರೀಯರ ಬಾಹ್ಯ ಜನನಾಂಗದ ದೀರ್ಘಕಾಲೀನ ಚರ್ಮರೋಗಗಳು ಮತ್ತು ಸ್ಟೀರಾಯ್ಡ್ ಮುಲಾಮು: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಿನ್ನೆಲೆಯಲ್ಲಿ

ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆಯೆಂದೇ ಕರೆಯಲಾಗುತ್ತಿತ್ತು. ಜಿಲ್ಲೆಯ ಹೆಸರು ಕೇಳಿದೊಡನೆ ಕಾಫಿ ತೋಟ, ಗಿರಿಶ್ರೇಣಿಗಳೇ ಕಣ್ಣಮುಂದೆ ಬರುವುದಾದರೂ ಕಡೂರು ತಾಲ್ಲೂಕು ಬಹುಪಾಲು ಬಯಲುಸೀಮೆ. ತರೀಕೆರೆಯದು ಅರೆಮಲೆನಾಡು, ಅದರಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರ ಮತ್ತೆ ಬಯಲಿನದೇ. ತೆಂಗು, ಅಡಿಕೆ, ಈರುಳ್ಳಿ ಬೆಳೆಯುವ ಈ ಸೀಮೆಯಲ್ಲಿ ಹೊಲ ತೋಟಗಳ ದುಡಿಮೆಯ ದೊಡ್ಡ ಪಾಲು ಹೆಂಗಸರದು. ಚರ್ಮರೋಗ ವಿಭಾಗವುಳ್ಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಇಲ್ಲಿಯವರು ಶಿವಮೊಗ್ಗ, ದಾವಣಗೆರೆ, ಹಾಸನ ಅಥವಾ ಚಿಕ್ಕಮಗಳೂರಿಗೆ ಹೋಗಬೇಕು. ರೈಲು, ಬಸ್ಸು ಇಲ್ಲವೆಂದಲ್ಲ. ಆದರೆ ಒಂದು ದಿನದ ಕೂಲಿ ಬಿಟ್ಟು ಊರು ದಾಟುವ ಹೆಂಗಸು ಮನೆಯಲ್ಲಿ ಕಾರಣ ಹೇಳಬೇಕಾಗುತ್ತದೆ. ಹೆಸರಿಲ್ಲದ ಕಾಯಿಲೆಗೆ ಕಾರಣ ಹೇಳುವುದು ಸುಲಭವಲ್ಲ.

ಹೆಸರಿನ ಪ್ರಶ್ನೆ ಇಲ್ಲಿ ಕೇವಲ ಪರಿಭಾಷೆಯದಲ್ಲ. 'ಯೋನಿ' ಎಂಬ ಮಾತು ರೂಢಿಯಲ್ಲಿ ಒಳಗಿನ ನಾಳಕ್ಕೂ ಹೊರಗಿನ ಅಂಗಕ್ಕೂ ಸಲ್ಲುತ್ತದೆ. ಹೊರಗಿನ ಚರ್ಮಭಾಗಕ್ಕೆ ಸಂಸ್ಕೃತದಿಂದ ಬಂದ 'ಭಗ' ಎಂಬ ಪದವಿದ್ದರೂ ಅದನ್ನು ವೈದ್ಯರ ಮುಂದೆ ಉಚ್ಚರಿಸುವವರಿಲ್ಲ. 'ಅಲ್ಲಿ ನವೆ', 'ಕೆಳಗಡೆ ಉರಿ' ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಕೇಳಿದವರೂ ಅದನ್ನು ಬಿಳಿಸೆರಗು ಎಂದೋ ಸೋಂಕು ಎಂದೋ ಭಾವಿಸಿ, ನೋಡದೆಯೇ ಮಾತ್ರೆ ಕೊಟ್ಟು ಕಳಿಸುವುದುಂಟು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಮೊದಲಾದ ಕೃತಿಗಳ ಮೂಲಕ ಹೆಣ್ಣಿನ ಶರೀರವನ್ನು ಕುರಿತು ಕನ್ನಡದಲ್ಲಿ ನೇರವಾಗಿ ಬರೆಯಬಹುದೆಂದು ತೋರಿಸಿಕೊಟ್ಟರು. ಆ ನೇರವಂತಿಕೆ ಚಿಕಿತ್ಸಾಕೊಠಡಿಯ ಸಂಭಾಷಣೆಗೆ ಇನ್ನೂ ಪೂರ್ಣವಾಗಿ ಇಳಿದಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಭಗದ ಚರ್ಮಕ್ಕೆ ತಗಲುವ ದೀರ್ಘಕಾಲೀನ ರೋಗಗಳಲ್ಲಿ ಲೈಕೆನ್ ಸ್ಕ್ಲೆರೋಸಸ್ ಮುಖ್ಯವಾದುದು. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಶುಚಿತ್ವದ ಕೊರತೆಯಿಂದ ಬರುವುದೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಚರ್ಮದ ವಿರುದ್ಧ ತಿರುಗುವುದು ಇದರ ಮೂಲವೆಂದು ತಿಳಿಯಲಾಗಿದೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು; ಮೈನೆರೆಯದ ಹುಡುಗಿಯರಲ್ಲೂ ಕಾಣುತ್ತದೆ. ಚರ್ಮ ಬೆಳ್ಳಗಾಗಿ, ತೆಳುಕಾಗದವನ್ನು ಮುದುರಿ ಬಿಡಿಸಿದಂತೆ ಸುಕ್ಕುಗಟ್ಟುತ್ತದೆ. ರಾತ್ರಿಯ ಹೊತ್ತು ನಿದ್ದೆಗೆಡಿಸುವ ನವೆ, ಕೆರೆದಲ್ಲಿ ಸೀಳು, ಮೂತ್ರ ತಗಲಿದಾಗ ಉರಿ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಒಳತುಟಿಗಳು ಕರಗಿ ಅಂಟಿಕೊಂಡು, ದ್ವಾರವೇ ಕಿರಿದಾಗುತ್ತದೆ. ಸಣ್ಣ ಪ್ರಮಾಣದ ರೋಗಿಗಳಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಬಿಳಿಯ ಬಣ್ಣವನ್ನು ಕಂಡು ತೊನ್ನೆಂದು ಹೆದರಿ ಮುಚ್ಚಿಡುವ ಅಪಾಯವೂ ಇದೆ. ತೊನ್ನಿನಲ್ಲಿ ಬಣ್ಣ ಹೋಗುವುದೇ ಹೊರತು ಚರ್ಮದ ರಚನೆ ಕೆಡುವುದಿಲ್ಲ, ಸೀಳು ಬರುವುದಿಲ್ಲ. ಇನ್ನುಳಿದವುಗಳಲ್ಲಿ, ಕೆರೆದು ಕೆರೆದು ಚರ್ಮ ದಪ್ಪಗಟ್ಟುವ ಲೈಕೆನ್ ಸಿಂಪ್ಲೆಕ್ಸ್, ಬಾಯಿಯಲ್ಲೂ ಯೋನಿಯ ಒಳಗೂ ಹುಣ್ಣು ಮಾಡುವ ಲೈಕೆನ್ ಪ್ಲಾನಸ್, ಸಾಬೂನು ಮತ್ತು ಕ್ರಿಮಿನಾಶಕ ದ್ರಾವಣಗಳಿಂದ ಉಂಟಾಗುವ ಇಸುಬು ಇವನ್ನು ಹೆಸರಿಸಬಹುದು.

ಈ ರೋಗಗಳಿಗೆ ಸ್ಟೀರಾಯ್ಡ್ ಲೇಪನವೇ ಪ್ರಧಾನ ಚಿಕಿತ್ಸೆಯಾದುದು ತೀರ ಹಳೆಯ ಸಂಗತಿಯಲ್ಲ. ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಫಲ ಕಂಡ ವರದಿಯನ್ನು ಸುಲ್ಜ್‌ಬರ್ಗರ್ ಮತ್ತು ವಿಟನ್ 1952ರಲ್ಲಿ ಪ್ರಕಟಿಸಿದರು. ಆದರೂ ಲೈಕೆನ್ ಸ್ಕ್ಲೆರೋಸಸ್‌ಗೆ ದಶಕಗಳ ಕಾಲ ಟೆಸ್ಟೋಸ್ಟೆರೋನ್ ಬೆರೆಸಿದ ಮುಲಾಮನ್ನೇ ಬಳಸಲಾಗುತ್ತಿತ್ತು. ಚರ್ಮವನ್ನೇ ಕತ್ತರಿಸಿ ತೆಗೆಯುತ್ತಿದ್ದುದೂ ಉಂಟು. 1991ರಲ್ಲಿ ಡಾಲ್ಜಿಯೆಲ್ ಮತ್ತು ಸಂಗಡಿಗರು ಅತಿ ಪ್ರಬಲ ಸ್ಟೀರಾಯ್ಡ್ ಆದ ಕ್ಲೋಬೆಟಸಾಲ್ ಪ್ರೊಪಿಯೊನೇಟ್ 0.05 ಪ್ರತಿಶತದ ಉಪಯುಕ್ತತೆಯನ್ನು ತೋರಿಸಿದ ಬಳಿಕ ದಾರಿ ಬದಲಾಯಿತು.

ರೂಢಿಯಲ್ಲಿರುವ ಕ್ರಮ ಹೀಗಿದೆ. ಮೊದಲ ನಾಲ್ಕು ವಾರ ದಿನಕ್ಕೊಮ್ಮೆ ರಾತ್ರಿ, ಮುಂದಿನ ನಾಲ್ಕು ವಾರ ದಿನ ಬಿಟ್ಟು ದಿನ, ಅನಂತರದ ನಾಲ್ಕು ವಾರ ವಾರಕ್ಕೆ ಎರಡು ಸಲ. ಪ್ರತಿ ಸಲಕ್ಕೆ ಹೆಚ್ಚೆಂದರೆ ತೋರುಬೆರಳಿನ ತುದಿಯ ಗೆಣ್ಣಿನುದ್ದಕ್ಕೆ ಹಿಂಡಿದಷ್ಟು, ಅಂದರೆ ಸುಮಾರು ಅರ್ಧ ಗ್ರಾಂ. ಲೆಕ್ಕ ಹಾಕಿದರೆ 28, 14 ಮತ್ತು 8 ಸೇರಿ 50 ಸಲ. ಒಟ್ಟು 25 ಗ್ರಾಂ. ಮೂವತ್ತು ಗ್ರಾಂ ಔಷಧ ಮೂರು ತಿಂಗಳಿಗೆ ಸಾಕಾಗಿ ಮಿಗುತ್ತದೆ. ಈ ಲೆಕ್ಕವನ್ನು ರೋಗಿಗೆ ಹೇಳುವುದು ಅಗತ್ಯ. ಏಕೆಂದರೆ ಔಷಧದ ಜೊತೆಗಿರುವ ಚೀಟಿಯಲ್ಲಿ ಎರಡು ವಾರ ಮೀರಬಾರದು, ಜನನಾಂಗಕ್ಕೆ ಹಚ್ಚಬಾರದು ಎಂಬ ಎಚ್ಚರಿಕೆ ಇರುವುದು ಸಾಮಾನ್ಯ. ಮನೆಯಲ್ಲಿ ಓದುಬಲ್ಲ ಮಗಳೋ ಸೊಸೆಯೋ ಅದನ್ನು ಓದಿ ಹೇಳಿದರೆ ಔಷಧ ಅಲ್ಲಿಗೇ ನಿಲ್ಲುತ್ತದೆ. ವಾಸ್ತವವಾಗಿ ಒಳತುಟಿಗಳ ಭಾಗ ಸ್ಟೀರಾಯ್ಡಿನಿಂದ ಸುಲಭವಾಗಿ ತೆಳುವಾಗುವಂಥದ್ದಲ್ಲ. ತೊಡೆಸಂದು, ಗುದದ ಸುತ್ತಲಿನ ಚರ್ಮ ಬೇಗ ತೆಳುವಾಗುತ್ತದೆ. ಆದುದರಿಂದ ಎಲ್ಲಿ ಹಚ್ಚಬೇಕೆಂಬುದನ್ನು ಕನ್ನಡಿ ಹಿಡಿದು ತೋರಿಸಿಕೊಡಬೇಕು. ಕ್ರೀಮಿಗಿಂತ ಜಿಡ್ಡಿನ ಮುಲಾಮು ಮೇಲು, ಅದು ಉರಿಸುವುದು ಕಡಿಮೆ. ತೊಳೆಯಲು ಬರಿಯ ನೀರು ಸಾಕು. ಚರ್ಮ ಒಣಗದಂತೆ ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ, ಈ ತೆಂಗಿನ ಸೀಮೆಯಲ್ಲಿ ಮನೆಮನೆಯಲ್ಲೂ ಇರುವ ಕೊಬ್ಬರಿ ಎಣ್ಣೆಯನ್ನಾಗಲಿ ಸವರಬಹುದು.

ನವೆ ನಿಂತೊಡನೆ ಔಷಧ ಬಿಡುವುದು ಎರಡನೆಯ ತೊಡಕು. ಆಸ್ಟ್ರೇಲಿಯದ ಲೀ, ಬ್ರಾಡ್‌ಫರ್ಡ್ ಮತ್ತು ಫಿಷರ್ 2015ರಲ್ಲಿ 507 ಮಂದಿ ಸ್ತ್ರೀಯರ ಅನುಸರಣೆಯ ಅಧ್ಯಯನವನ್ನು ಪ್ರಕಟಿಸಿದರು. ಹೇಳಿದಂತೆ ಔಷಧ ಮುಂದುವರಿಸಿದ 357 ಮಂದಿಯಲ್ಲಿ ಒಬ್ಬರಿಗೂ ಭಗದ ಕ್ಯಾನ್ಸರ್ ಅಥವಾ ಅದರ ಪೂರ್ವಾವಸ್ಥೆ ಬರಲಿಲ್ಲ. ಅಷ್ಟಿಷ್ಟು ಮಾತ್ರ ಬಳಸಿದ 150 ಮಂದಿಯಲ್ಲಿ ಏಳು ಮಂದಿಗೆ ಬಂದಿತು. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಇದಲ್ಲವಾದುದರಿಂದ ಅಂಕಿಗಳನ್ನು ಅಕ್ಷರಶಃ ಹಿಡಿಯಲಾಗದು. ಆದರೂ ರೋಗ ಸುಮ್ಮನಿರುವಾಗಲೂ ವಾರಕ್ಕೊಂದೆರಡು ಸಲದ ಲೇಪನವನ್ನು ವರ್ಷಗಟ್ಟಲೆ ಮುಂದುವರಿಸುವ ಪದ್ಧತಿಗೆ ಇದು ಬಲವಾದ ಆಧಾರ.

ಇದರ ಇನ್ನೊಂದು ಮುಖವನ್ನು ಬಿಟ್ಟು ಬರೆದರೆ ಲೇಖನ ಅಪಾಯಕಾರಿಯಾದೀತು. ಭಾರತದಲ್ಲಿ ಇದೇ ಕ್ಲೋಬೆಟಸಾಲನ್ನು ಶಿಲೀಂಧ್ರನಾಶಕ, ಪ್ರತಿಜೀವಕಗಳೊಡನೆ ಬೆರೆಸಿದ ಮಿಶ್ರ ಕ್ರೀಮುಗಳು ಔಷಧದಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಕೈಗೆ ಬರುತ್ತಿದ್ದವು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ನಿಯಮಗಳ 'ಶೆಡ್ಯೂಲ್ ಎಚ್'ಗೆ ತಿದ್ದುಪಡಿ ತಂದು ಕ್ಲೋಬೆಟಸಾಲ್ ಮುಂತಾದ ಹಚ್ಚುವ ಸ್ಟೀರಾಯ್ಡುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ವಿಧಿಸಿತು. ಕಾನೂನಿದ್ದಮಾತ್ರಕ್ಕೆ ರೂಢಿ ಅಳಿಯುವುದಿಲ್ಲ. ತೊಡೆಸಂದಿನ ಹುಳುಕಡ್ಡಿಗೆ ಇಂಥ ಕ್ರೀಮು ಹಚ್ಚಿದರೆ ನವೆ ಎರಡು ದಿನದಲ್ಲಿ ಅಡಗುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ. ದೇಶದುದ್ದಕ್ಕೂ ಹಬ್ಬಿರುವ, ಔಷಧಕ್ಕೆ ಬಗ್ಗದ ಹುಳುಕಡ್ಡಿಗೆ ಈ ದುರ್ಬಳಕೆಯೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಮಧುಮೇಹವಿರುವ ಹೆಂಗಸಿಗೆ ಕ್ಯಾಂಡಿಡಾ ಸೋಂಕಿದ್ದಾಗಲೂ ಬರಿಯ ಸ್ಟೀರಾಯ್ಡ್ ಹಾನಿಯನ್ನೇ ಮಾಡೀತು. ಹೀಗೆ ಒಂದೇ ಔಷಧ, ಬೇಕಾದವಳಿಗೆ ಹೆದರಿಕೆಯಿಂದ ದಕ್ಕುವುದಿಲ್ಲ, ಬೇಡವಾದವಳಿಗೆ ಅಂಗಡಿಯ ಕಟ್ಟೆಯ ಮೇಲೆಯೇ ದೊರೆಯುತ್ತದೆ. ಎರಡೂ ಕಡೆ ತಪ್ಪಿಹೋಗಿರುವುದು ಒಂದೇ, ಕಣ್ಣಾರೆ ನೋಡಿ ಮಾಡುವ ಪರೀಕ್ಷೆ.

ಈ ಪರೀಕ್ಷೆಗೆ ಒಂದು ಅವಕಾಶ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲಿ ಈಗಾಗಲೇ ಇದೆ. 30 ವರ್ಷ ದಾಟಿದ ಸ್ತ್ರೀಯರಿಗೆ ಗರ್ಭಕಂಠದ ಕ್ಯಾನ್ಸರನ್ನು ಪತ್ತೆ ಮಾಡಲು ಅಸಿಟಿಕ್ ಆಮ್ಲ ಲೇಪಿಸಿ ನೋಡುವ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದ ಭಾಗ. ಉಪಕರಣವನ್ನು ಒಳಗಿಡುವ ಮುನ್ನ ಹೊರಗಿನ ಚರ್ಮವನ್ನು ಅರ್ಧ ನಿಮಿಷ ನೋಡಿದರೆ ಸಾಕು: ಬಿಳಿಚಿದೆಯೇ, ಸೀಳಿದೆಯೇ, ಒಳತುಟಿಗಳು ಇದ್ದಲ್ಲಿ ಇವೆಯೇ, ವಾಸಿಯಾಗದ ಹುಣ್ಣು ಅಥವಾ ಗಂಟು ಉಂಟೇ. 'ನವೆಯಿಂದ ರಾತ್ರಿ ಎಚ್ಚರವಾಗುತ್ತದೆಯೇನಮ್ಮ' ಎಂದು ಶುಶ್ರೂಷಕಿ ತಾನಾಗಿಯೇ ಕೇಳಿದರೆ, ರೋಗಿ ಪದ ಹುಡುಕಬೇಕಾದ ಕಷ್ಟ ತಪ್ಪುತ್ತದೆ. ಸಂಶಯ ಬಂದವರನ್ನು ತಜ್ಞರಲ್ಲಿಗೆ ಕಳಿಸಬೇಕು. ಹುಣ್ಣು, ಗಂಟು ಇದ್ದರೆ, ಇಲ್ಲವೆ ಮೂರು ತಿಂಗಳ ಲೇಪನದಿಂದಲೂ ಚರ್ಮ ಸುಧಾರಿಸದಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕು. ರೋಗನಿರ್ಣಯವಾದ ಮೇಲೆ ಔಷಧ ಮುಂದುವರಿಸಲು ಪ್ರತಿ ತಿಂಗಳೂ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಬೇಕಾಗಿಲ್ಲ. ಹಚ್ಚುವ ಕ್ರಮವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದರೆ, ಮೂರನೆಯ ತಿಂಗಳ ಕೊನೆಗೊಮ್ಮೆ, ಬಳಿಕ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಜ್ಞರ ಭೇಟಿ ಸಾಕಾಗುತ್ತದೆ.