ತಾತನ ಕೋವಿ, ನನ್ನ ನಲವತ್ತು ಸಾವಿರ

ಯಲಹಂಕ ನ್ಯೂಟೌನ್‌ನ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ತಾತ ಇದ್ದಾರೆ. ಸಕಲೇಶಪುರದ ಕಡೆಯವರು. ಕಾಫಿ ತೋಟ ಮಾರಿ ಬೆಂಗಳೂರು ಸೇರಿದವರು. ಅವರ ಕರೆಂಟ್ ಬಿಲ್ ಕಟ್ಟುವುದು, ಮೊಬೈಲ್ ಸರಿಮಾಡಿಕೊಡುವುದು ನನ್ನ ಕೆಲಸ. ಒಂದು ಸಂಜೆ, ‘ನಿಂಗೆ ಎನ್‌ಸಿಸಿ ಹುಚ್ಚಲ್ವೇನೋ, ಬಾ ಇಲ್ಲಿ’ ಎಂದು ಕಬ್ಬಿಣದ ಬೀರು ತೆಗೆದರು. ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಬೋಲ್ಟ್ ರೈಫಲ್ ಹೊರಗೆ ಬಂತು.

ಎನ್‌ಸಿಸಿ ಕ್ಯಾಂಪಿನಲ್ಲಿ ನಾನು .22 ರೈಫಲ್‌ನಿಂದ ಗುಂಡು ಹೊಡೆದಿದ್ದೇನೆ. ಆದರೆ ಇದು .315, ಇಛಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯದು. ಸೈನ್ಯದ .303 ಬೋರನ್ನು ನಾಗರಿಕರಿಗೆ ಕೊಡುವುದಿಲ್ಲವಾದ್ದರಿಂದ, ಹೆಚ್ಚುಕಡಿಮೆ ಅದೇ ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಬೇರೆ ಬೋರಿಗೆ ಮಾಡಿದ ಕೋವಿ. ‘ಮಗ ಪರದೇಶದಲ್ಲಿದ್ದಾನೆ. ಚುನಾವಣೆ ಬಂದಾಗಲೆಲ್ಲ ಇದನ್ನ ಹೊತ್ಕೊಂಡು ಸ್ಟೇಷನ್ನಿಗೆ ಹೋಗಿ ಠೇವಣಿ ಇಡೋಕೆ ನನ್ನ ಮಂಡಿ ಕೇಳಲ್ಲ. ನಲವತ್ತು ಸಾವಿರ ಕೊಡು, ನೀನೇ ಇಟ್ಕೋ’ ಅಂದರು.

ನನ್ನ ಖಾತೆಯಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಹೆಬ್ಬಾಳದ ಸುತ್ತಮುತ್ತ ಒಂದು ವರ್ಷ ಪಾರ್ಸಲ್ ಹಂಚಿ ಕೂಡಿಟ್ಟದ್ದು. ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಅಂತ ಎತ್ತಿಟ್ಟ ದುಡ್ಡು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಾಡಿನ ಕಥೆಗಳನ್ನು ಓದಿ ಬೆಳೆದವನು ನಾನು. ಆ ಆಂಡರ್ಸನ್ ನಮ್ಮ ಬೆಂಗಳೂರಿನವರೇ. ಮೂರು ಇಂಟರ್‌ವ್ಯೂಗಳಲ್ಲಿ ‘ತಿಳಿಸ್ತೀವಿ’ ಅನ್ನಿಸಿಕೊಂಡು ಬಂದವನಿಗೆ, ಆ ಕೋವಿ ಕೈಯಲ್ಲಿದ್ದ ಐದು ನಿಮಿಷ ನಾನೂ ಯಾರೋ ಒಬ್ಬ ಅನ್ನಿಸಿತ್ತು. ನಿಜ ಹೇಳಬೇಕೆಂದರೆ ಆಸೆಯ ಬೇರು ಇದ್ದದ್ದು ಅಲ್ಲೇ.

ಮರುದಿನದಿಂದ ವಿಚಾರಿಸತೊಡಗಿದೆ. ಹಳೆಯ ರೈಫಲ್ ನೋಡುವುದನ್ನು ತಾತನೇ ಕಲಿಸಿದರು. ಮೊದಲು ಬೋಲ್ಟ್ ತೆಗೆದು, ಒಳಗೆ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಬೇಕು. ಸುರುಳಿ ಗೆರೆಗಳು ಸ್ಪಷ್ಟವಾಗಿರಬೇಕು, ತುಕ್ಕು ತಿಂದ ಗುಳಿ ಇರಬಾರದು. ಬೋಲ್ಟಿನ ಮೇಲಿನ ನಂಬರೂ ಕೋವಿಯ ನಂಬರೂ ಒಂದೇ ಇರಬೇಕು. ಬೇರೆ ಬೋಲ್ಟ್ ಹಾಕಿದ್ದರೆ ತೋಟಾ ಸರಿಯಾಗಿ ಕೂರದೆ ಹೊಡೆಯುವವನ ಮುಖಕ್ಕೇ ಅಪಾಯ. ಹಿಡಿಯ ಸಣ್ಣ ಭಾಗದಲ್ಲಿ ಮರ ಸೀಳಿರಬಾರದು. ತಾತನ ಕೋವಿ ಎಲ್ಲದರಲ್ಲೂ ಪಾಸಾಯಿತು.

ಪಾಸಾಗದವನು ನಾನು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮೊದಲು ಪರವಾನಗಿ, ಆಮೇಲೆ ಕೋವಿ. ವಯಸ್ಸು 21 ತುಂಬಿರಬೇಕು. ಬೆಂಗಳೂರಿನಲ್ಲಿ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್ ಕಚೇರಿಗೆ. ಠಾಣೆಯಿಂದ ವಿಚಾರಣೆ ಆಗುತ್ತದೆ. ಮಾರುವವರೂ 45 ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು. ಇಷ್ಟೆಲ್ಲ ಓಡಾಡಲು ನಾನು ಸಿದ್ಧನಿದ್ದೆ. ನಿಂತದ್ದು ಒಂದೇ ಪ್ರಶ್ನೆಯಲ್ಲಿ: ಕೋವಿ ಯಾಕೆ ಬೇಕು?

ಬೇಟೆಗೆ ಅನ್ನುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿದೆ. ಬೆಳೆ ಕಾಯಲು ಅನ್ನೋಣವೆಂದರೆ ನಮ್ಮ ಮನೆಯಲ್ಲಿರುವುದು ಎರಡು ತುಳಸಿ ಕುಂಡ. ಜೀವ ಬೆದರಿಕೆ? ನನ್ನ ಹಿಂದೆ ಬಿದ್ದಿರುವುದು ಬೀದಿನಾಯಿಗಳು ಮಾತ್ರ. ಯಶವಂತಪುರದ ಪಿಜಿಯಲ್ಲಿರುವ ಕೊಡಗಿನ ಗೆಳೆಯ, ‘ನಮ್ಮಲ್ಲಿ ಕೈಲ್‌ಪೊಳ್ದ್‌ಗೆ ಕೋವಿಗೇ ಪೂಜೆ’ ಎಂದು ನಕ್ಕ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಅಲ್ಲಿ ಕೋವಿ ಹಬ್ಬದ ಭಾಗ, ಮನೆತನದ ಭಾಗ. ನನಗೆ ಅದೂ ಇಲ್ಲ.

ಆಗ ಇನ್ನೊಬ್ಬ ಸ್ನೇಹಿತ ಸುಲಭದ ದಾರಿ ಹೇಳಿದ. ‘ಪೇಪರ್ ತಾತನ ಹೆಸರಲ್ಲೇ ಇರಲಿ ಮಗಾ, ಕೋವಿ ನಿನ್ನ ರೂಮಲ್ಲಿರಲಿ. ಯಾರಿಗೆ ಗೊತ್ತಾಗುತ್ತೆ?’ ಸುಳ್ಳು ಹೇಳುವುದಿಲ್ಲ, ಒಂದು ದಿನ ಪೂರ್ತಿ ಅದನ್ನೇ ಯೋಚಿಸಿದೆ. ಆಮೇಲೆ ಕಾಯ್ದೆ ತೆಗೆದು ನೋಡಿದೆ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಜೈಲು. ಕೆಲಸ ಸಿಕ್ಕಾಗ ಪೊಲೀಸ್ ವೆರಿಫಿಕೇಷನ್ ಅಂತ ಒಂದಿರುತ್ತದೆ. ಅಲ್ಲಿ ಈ ಕೇಸು ಇದ್ದರೆ ನಾನು ಓದಿದ್ದೆಲ್ಲ ಮಣ್ಣು. ತಾತನಿಗೂ ಈ ವಯಸ್ಸಿನಲ್ಲಿ ಕೋರ್ಟು ಅಲೆದಾಟ.

ಅಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ‘ಗುರಿ ಇಡೋದು ಇಷ್ಟವಾ, ಕೋವಿ ಇಷ್ಟವಾ? ಅದನ್ನ ಮೊದಲು ತಿಳ್ಕೋ’ ಅಂದಳು ಅಷ್ಟೇ.

ಗುರಿ ಇಡುವುದೇ ಇಷ್ಟ ಎಂದು ಅರ್ಥವಾಗಲು ಎರಡು ದಿನ ಬೇಕಾಯಿತು. 20 ಜೌಲ್ ಮೀರದ .177 ಏರ್ ರೈಫಲ್‌ಗೆ ಪರವಾನಗಿಯೇ ಬೇಡ. ಕೊಂಡುಕೊಳ್ಳುವ ಅಗತ್ಯವೂ ಇಲ್ಲ, ರೇಂಜಿನಲ್ಲಿ ಬಾಡಿಗೆಗೆ ಸಿಗುತ್ತದೆ.

ತಾತನ ಬಳಿ ಹೋಗಿ ‘ಬೇಡ ತಾತ’ ಅಂದೆ. ಬೇಸರ ಮಾಡಿಕೊಳ್ಳಲಿಲ್ಲ. ‘ನೀನು ಹೂಂ ಅಂದಿದ್ರೆ ನಂಗೇ ಭಯ ಆಗ್ತಿತ್ತು ಕಣೋ’ ಅಂದರು. ಮುಂದಿನ ವಾರ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಒಪ್ಪಿಸಲು ಇಬ್ಬರೂ ಆಟೊದಲ್ಲಿ ಹೋದೆವು. ಪರವಾನಗಿ ಪುಸ್ತಕ ತಾತನ ಜೇಬಿನಲ್ಲಿತ್ತು, ಕೋವಿಯ ಚೀಲವನ್ನೂ ಅವರೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ರಸೀದಿ ಮಡಚಿ ಇಟ್ಟುಕೊಳ್ಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಬರುವಾಗ ಆರ್.ಟಿ. ನಗರದಲ್ಲಿ ಇಳಿದು ಕಾಫಿ ಕುಡಿದೆವು. ದುಡ್ಡು ನಾನೇ ಕೊಟ್ಟೆ.

ಕೋಚಿಂಗ್ ಈ ಸೋಮವಾರದಿಂದ ಶುರು. ಭಾನುವಾರ ಬೆಳಿಗ್ಗೆ ಮಾತ್ರ ರೇಂಜಿಗೆ. ಗೆಳೆಯರೇ, ಸೆಕೆಂಡ್‌ಹ್ಯಾಂಡ್ ಬೈಕಾಗಲಿ, ಕ್ಯಾಮೆರಾ ಆಗಲಿ, ಕೋವಿಯಾಗಲಿ, ವಸ್ತು ಚೆನ್ನಾಗಿದೆಯೇ ಎಂದು ನೋಡುವ ಮೊದಲು ‘ಯಾಕೆ ಬೇಕು?’ ಎಂಬ ಖಾನೆಯನ್ನು ಒಮ್ಮೆ ತುಂಬಿ ನೋಡಿ. ನನಗೆ ಅದನ್ನು ತುಂಬಲು ಆಗಲಿಲ್ಲ. ನಲವತ್ತು ಸಾವಿರ ಉಳಿಯಿತು.