ಹುಚ್ಚುನಾಯಿ ರೋಗವೂ ಬನಶಂಕರಿಯ ವೈದ್ಯರ ಸಂಘವೂ



“ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ” ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ನಾಯಿ ಕಚ್ಚಿತೆಂದರೆ ಮನೆಯ ಹಿರಿಯರು ಮೊದಲು ನೆನೆಯುವುದು ಇದನ್ನೇ. ಕಚ್ಚಿಸಿಕೊಂಡ ಹುಡುಗ ಇದನ್ನು ಕೇಳಿ ಅಟ್ಟ ಹತ್ತಿ ಕುಳಿತುಕೊಳ್ಳುತ್ತಾನೆ. ದೊಡ್ಡವರಾದರೆ “ಗಾಯ ಸಣ್ಣದು, ನೋಡೋಣ” ಎಂದು ಹೊಲಕ್ಕೆ ಹೋಗಿಬಿಡುತ್ತಾರೆ. ಆದರೆ ಆ ಹದಿನಾಲ್ಕು ಸೂಜಿಯ ಮದ್ದನ್ನು ನಮ್ಮ ದೇಶದಲ್ಲಿ 2004ನೆಯ ಇಸವಿಯ ಕೊನೆಗೇ ನಿಲ್ಲಿಸಲಾಯಿತು. ಮದ್ದು ಹೋಗಿ ಇಪ್ಪತ್ತು ವರ್ಷ ಕಳೆದರೂ ಅದರ ಹೆದರಿಕೆ ಮಾತ್ರ ಹೋಗಿಲ್ಲ. ಆ ಹೆದರಿಕೆಯಿಂದ ಇಂದಿಗೂ ಜೀವ ಹೋಗುತ್ತಿದೆ. ಆದುದರಿಂದ ಆ ಮದ್ದು ಏಕೆ ಹೋಯಿತು, ಅದರ ಜಾಗಕ್ಕೆ ಏನು ಬಂತು, ಅದಕ್ಕಾಗಿ ದುಡಿದವರು ಯಾರು ಎಂಬುದನ್ನು ನೀವು ತಿಳಿದಿರುವುದು ಒಳ್ಳೆಯದು.

ಕನಕಪುರ ರಸ್ತೆಯಲ್ಲಿ ತರಕಾರಿ ಹೇರಿಕೊಂಡು ಬೆಂಗಳೂರಿಗೆ ಹೋಗುವವರು ಬನಶಂಕರಿ ಅಮ್ಮನವರ ಗುಡಿಯನ್ನು ದಾಟಿಯೇ ಹೋಗುತ್ತೀರಿ. ಆ ಬನಶಂಕರಿಯ ಎರಡನೆಯ ಹಂತದಲ್ಲಿ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ. ಜನ ಇದನ್ನು ಕಿಮ್ಸ್ ಎನ್ನುತ್ತಾರೆ. 1980ರಲ್ಲಿ ಒಕ್ಕಲಿಗರ ಸಂಘದವರು ಸ್ಥಾಪಿಸಿದ ಕಾಲೇಜು ಇದು. ಇದರ ಆಸ್ಪತ್ರೆ ಮಾತ್ರ ಸ್ವಲ್ಪ ಆಚೆ, ವಿಶ್ವೇಶ್ವರಪುರದಲ್ಲಿದೆ. ಈ ಕಾಲೇಜಿನ ಸಮುದಾಯ ವೈದ್ಯ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಕೆ. ಸುದರ್ಶನ್ ಮತ್ತು ಅವರ ಜೊತೆಗಾರರು 1998ರಲ್ಲಿ ಒಂದು ಸಂಘ ಕಟ್ಟಿದರು. ಹೆಸರು ಭಾರತ ರೇಬೀಸ್ ತಡೆ ಮತ್ತು ನಿಯಂತ್ರಣ ಸಂಘ. ರೇಬೀಸ್ ಎಂದರೆ ನಾವು ಹುಚ್ಚುನಾಯಿ ರೋಗ ಎನ್ನುವುದೇ. ಸುದರ್ಶನ್ ಅವರೇ ಸಂಘದ ಸ್ಥಾಪಕ ಅಧ್ಯಕ್ಷರು. ದೇಶದ ನಾನಾ ಕಡೆಯ ವೈದ್ಯರು, ಪಶುವೈದ್ಯರು ಇದರಲ್ಲಿ ಸೇರಿದರು. ಸಂಘ ತನ್ನದೇ ಪತ್ರಿಕೆಯನ್ನು ಹೊರಡಿಸಿತು, ವರ್ಷಕ್ಕೊಮ್ಮೆ ಸಮ್ಮೇಳನ ಕೂಡಿಸುತ್ತ ಬಂದಿತು.

ವೈದ್ಯರು ಸಂಘ ಕಟ್ಟಿ ಸಭೆ ಸೇರಿದರೆ ರೈತನಿಗೇನು ಬಂತು ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಈ ಸಂಘದವರು ಮಾಡಿದ ದೊಡ್ಡ ಕೆಲಸ ಸತ್ತವರ ಎಣಿಕೆ. ಈ ರೋಗದಿಂದ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆಂಬ ನಂಬತಕ್ಕ ಲೆಕ್ಕ ಅದುವರೆಗೆ ಇರಲಿಲ್ಲ. ಏಕೆಂದರೆ ರೋಗಿ ಸಾಯುವುದು ಬಹುಮಟ್ಟಿಗೆ ಹಳ್ಳಿಯ ಮನೆಯಲ್ಲಿ. ಆಸ್ಪತ್ರೆಯ ಪುಸ್ತಕದಲ್ಲಿ ಅವನ ಹೆಸರು ಇರುವುದಿಲ್ಲ. 2003ರಲ್ಲಿ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 21 ವೈದ್ಯ ಕಾಲೇಜುಗಳನ್ನು ಸೇರಿಸಿಕೊಂಡು ದೇಶದಲ್ಲಿ ಸಮೀಕ್ಷೆ ನಡೆಸಿತು. ಆಸ್ಪತ್ರೆಯ ದಾಖಲೆಗಳನ್ನು ನೋಡಿದ್ದಲ್ಲದೆ, ಊರ ಜನರನ್ನೂ ವಿಚಾರಿಸಿದರು. ಸತ್ತವರಿಗೆ ನಾಯಿ ಕಚ್ಚಿತ್ತೇ, ಕಡೆಯ ದಿನಗಳಲ್ಲಿ ನೀರು ಕಂಡರೆ ಬೆದರುತ್ತಿದ್ದರೇ, ಗಾಳಿ ಬೀಸಿದರೆ ನಡುಗುತ್ತಿದ್ದರೇ ಎಂದು ಮನೆಯವರನ್ನು ಕೇಳಿ ತಿಳಿದರು. ಈ ರೋಗದ ಲಕ್ಷಣವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಹೀಗಾಗಿ ಕೇಳಿ ತಿಳಿಯುವ ಕ್ರಮ ಇದಕ್ಕೆ ಚೆನ್ನಾಗಿ ಒದಗುತ್ತದೆ.

ವರ್ಷಕ್ಕೆ ಸುಮಾರು 20,565 ಸಾವು ಎಂಬುದು ಅವರು ಕಂಡ ಲೆಕ್ಕ. ಕಚ್ಚಿದ ಪ್ರಾಣಿ ನೂರಕ್ಕೆ 96ರಷ್ಟು ನಾಯಿಯೇ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಗಂಡಸರು, ದುಡಿಯುವ ವಯಸ್ಸಿನವರು. ಆಸ್ಪತ್ರೆಯ ಬಾಗಿಲು ಕಂಡವರು ಅರ್ಧದಷ್ಟು ಮಾತ್ರ. ಅನೇಕರು ನಾಟಿ ಔಷಧಕ್ಕೆ ಮೊರೆಹೋದವರು. ಲಸಿಕೆ ಶುರು ಮಾಡಿ ನಡುವೆ ಬಿಟ್ಟವರು ನೂರಕ್ಕೆ ಹತ್ತರಷ್ಟು. ಇದು ಬೆಂಗಳೂರಿನ ಬಡಾವಣೆಯವರ ರೋಗವಲ್ಲ, ನಿಮ್ಮ ನಮ್ಮ ಮನೆಯವರ ರೋಗ ಎಂಬುದನ್ನು ಈ ಎಣಿಕೆ ತೋರಿಸಿಕೊಟ್ಟಿತು.

ಇನ್ನು ಆ ಹದಿನಾಲ್ಕು ಸೂಜಿಯ ವಿಚಾರ. ಅದನ್ನು 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು ಸಿದ್ಧಪಡಿಸಿದರು. ಕುರಿಯ ಮಿದುಳಿನಲ್ಲಿ ರೋಗದ ವಿಷಾಣುವನ್ನು ಬೆಳೆಸಿ, ಫೀನಾಲ್ ಹಾಕಿ ಅದನ್ನು ಕೊಂದು, ಆ ಮಿದುಳಿನ ದ್ರಾವಣವನ್ನೇ ಹೊಟ್ಟೆಯ ಚರ್ಮದಡಿ ದಿನವೂ ಚುಚ್ಚುತ್ತಿದ್ದರು. ತೊಂಬತ್ತು ವರ್ಷ ಅದು ಬಹಳ ಜೀವ ಉಳಿಸಿತು, ಸುಳ್ಳು ಹೇಳಬಾರದು. ಆದರೆ ನೋವು ಹೆಚ್ಚು. ಅದರಲ್ಲಿ ಮಿದುಳಿನ ಅಂಶ ಇದ್ದುದರಿಂದ ಅಪರೂಪಕ್ಕೆ ಕೆಲವರಿಗೆ ಕೈಕಾಲು ಬಿದ್ದುಹೋಗುತ್ತಿದ್ದುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಿಡಿರೆಂದು ಬಹಳ ಹಿಂದೆಯೇ ಹೇಳಿತ್ತು. ಜೀವಕೋಶದಲ್ಲಿ ಬೆಳೆಸಿದ ಹೊಸ ಲಸಿಕೆ ಅಷ್ಟರಲ್ಲಿ ಬಂದಿತ್ತು. ಅದನ್ನು ತೋಳಿಗೆ ಕೊಡುತ್ತಾರೆ, ನೋವು ಕಡಿಮೆ, ಅಪಾಯವೂ ಕಡಿಮೆ. ಆದರೆ ಬೆಲೆ ಹೆಚ್ಚು. ಹೀಗಾಗಿ ಕಾಸಿದ್ದವನಿಗೆ ತೋಳಿನ ಸೂಜಿ, ಇಲ್ಲದವನಿಗೆ ಹೊಟ್ಟೆಯ ಸೂಜಿ ಎಂಬ ಎರಡು ಪಂಕ್ತಿ ಬಹುಕಾಲ ನಡೆದುಬಂತು. ಈ ಪಂಕ್ತಿಭೇದ ಹೋಗಬೇಕೆಂದು ಹಟ ಹಿಡಿದವರಲ್ಲಿ ಬನಶಂಕರಿಯ ಈ ಸಂಘದವರೂ ಸೇರಿದ್ದರು.

ಬೆಲೆಗೆ ಪರಿಹಾರ ಸಿಕ್ಕಿದ್ದು ಚರ್ಮದಲ್ಲಿ. ಲಸಿಕೆಯನ್ನು ಸ್ನಾಯುವಿಗೆ ಕೊಟ್ಟರೆ ಒಬ್ಬ ರೋಗಿಗೆ ಸರದಿಯೊಂದಕ್ಕೆ ಒಂದು ಸೀಸೆಯಂತೆ ಐದು ಸೀಸೆ ಬೇಕು. ಅದನ್ನೇ ಚರ್ಮದ ಪದರದೊಳಗೆ ಕೊಟ್ಟರೆ ಒಂದೊಂದು ತೋಳಿಗೆ 0.1 ಮಿಲಿಯಂತೆ ಸರದಿಗೆ 0.2 ಮಿಲಿ ಸಾಕು. ನಾಲ್ಕು ಸರದಿಗೆ 0.8 ಮಿಲಿ, ಅಂದರೆ ಒಂದು ಮಿಲಿಯ ಸೀಸೆ ಒಂದಕ್ಕೂ ಕಡಿಮೆ. ರಕ್ಷಣೆ ಅಷ್ಟೇ ಸಿಗುತ್ತದೆ. ಥಾಯ್ಲೆಂಡ್ ದೇಶದಲ್ಲಿ ಈ ಕ್ರಮ ಮೊದಲೇ ನಡೆಯುತ್ತಿತ್ತು. ನಮ್ಮ ಜನಕ್ಕೂ ಇದು ಒಗ್ಗುತ್ತದೆಯೇ ಎಂದು ಕಿಮ್ಸ್‌ನ ವೈದ್ಯರು ಪರೀಕ್ಷೆ ನಡೆಸಿ ಬರೆದರು, ಬೇರೆ ಕಡೆಯವರೂ ಬರೆದರು. 2006ರಲ್ಲಿ ಕೇಂದ್ರದ ಔಷಧ ನಿಯಂತ್ರಣಾಧಿಕಾರಿಗಳು ಒಪ್ಪಿಗೆ ಕೊಟ್ಟರು. ಇದರಲ್ಲಿ ಒಂದು ತೊಡಕು ಉಂಟು. ತೆರೆದ ಸೀಸೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ನೂಕುನುಗ್ಗಲಿನ ದೊಡ್ಡ ಆಸ್ಪತ್ರೆಗೆ ಅದು ಕಷ್ಟವಲ್ಲ. ದಿನಕ್ಕೆ ಒಬ್ಬರೋ ಇಬ್ಬರೋ ಬರುವ ಹಳ್ಳಿಯ ಕೇಂದ್ರಕ್ಕೆ ಕಷ್ಟವೇ. ಆದರೂ ನಿಮಗೆ ಸೂಜಿ ಸಲ್ಲತಕ್ಕದ್ದು. “ಇನ್ನಷ್ಟು ಜನ ಬರಲಿ, ನಾಳೆ ಬನ್ನಿ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ.

ರೋಗ ದೇಹದೊಳಗೆ ನಡೆಯುವ ದಾರಿಯನ್ನು ತಿಳಿದರೆ ಮುಂದಿನ ಮಾತೆಲ್ಲ ಸುಲಭ. ಹುಚ್ಚುನಾಯಿಯ ಜೊಲ್ಲಿನಲ್ಲಿ ವಿಷಾಣು ಇರುತ್ತದೆ. ಹಲ್ಲು ನೆಟ್ಟಲ್ಲಿ ಅದು ಇಳಿದು, ನರವನ್ನು ಹಿಡಿದುಕೊಂಡು ನಿಧಾನವಾಗಿ ಮಿದುಳಿನ ಕಡೆಗೆ ಏರುತ್ತದೆ. ಕಾಲಿನಿಂದ ತಲೆಗೆ ದಾರಿ ದೂರ, ಮುಖದಿಂದ ಹತ್ತಿರ. ಮಕ್ಕಳಿಗೆ ಮುಖದ ಮೇಲೆ ಕಚ್ಚಿದರೆ ಗಳಿಗೆಯೂ ತಡಮಾಡಬಾರದೆಂಬುದು ಇದಕ್ಕಾಗಿಯೇ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಂಡಿತೆಂದರೆ ಜೀವ ಉಳಿಯುವುದಿಲ್ಲವೆಂದೇ ಹೇಳಬೇಕು. ಯಾವ ಊರಿನ ಯಾವ ಆಸ್ಪತ್ರೆಯಲ್ಲಿಯೂ ಅದಕ್ಕೆ ಮದ್ದಿಲ್ಲ. ವಿಷಾಣು ದಾರಿಯಲ್ಲಿರುವಾಗಲೇ ಅದನ್ನು ತಡೆಯಬೇಕು.

ಮೊದಲ ತಡೆ ನಿಮ್ಮ ಬಚ್ಚಲಲ್ಲಿಯೇ ಇದೆ. ವಿಷಾಣುವಿಗೆ ಕೊಬ್ಬಿನ ಹೊದಿಕೆ ಇರುತ್ತದೆ, ಸೋಪು ಅದನ್ನು ಕರಗಿಸುತ್ತದೆ. ಜಿಡ್ಡಿನ ಪಾತ್ರೆ ಸೋಪಿಗೆ ಬಿಡುವ ಹಾಗೆಯೇ. ನಲ್ಲಿಯ ಕೆಳಗೋ, ಚೊಂಬಿನಿಂದ ಹುಯ್ದುಕೊಂಡೋ, ಸೋಪು ಹಚ್ಚಿ 15 ನಿಮಿಷ ಬಿಡದೆ ತೊಳೆಯಿರಿ. ಹದಿನೈದು ನಿಮಿಷ ಎಂದರೆ ಬಹಳ ಹೊತ್ತು. ಎರಡು ಚೊಂಬು ಹುಯ್ದು ಆಯಿತೆನ್ನಬೇಡಿರಿ. ಗಾಯಕ್ಕೆ ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಎಣ್ಣೆ ಇವುಗಳನ್ನು ಮೆತ್ತಕೂಡದು. ಗಾಯ ಉರಿದಷ್ಟೂ ವಿಷಾಣುವಿಗೆ ನರ ಸಿಗುತ್ತದೆ, ಅಷ್ಟೇ.

ಆಮೇಲೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೊರಡಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ಹಣವಿಲ್ಲ. ಚರ್ಮ ತರಚಿದ್ದರೆ ಲಸಿಕೆ ಸಾಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಮದ್ದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಎರಡು ಏಕೆಂದು ಕೇಳಿರಿ. ಲಸಿಕೆ ಹಾಕಿದ ಮೇಲೆ ದೇಹ ತನ್ನ ಬಲವನ್ನು ತಾನೇ ಬೆಳೆಯಬೇಕು. ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಇಮ್ಯುನೋಗ್ಲಾಬ್ಯುಲಿನ್ ಬೇರೆಡೆ ಬೆಳೆದ ಬಲ. ಹೊಸ ಬೆಳೆ ಕೈಗೆ ಬರುವ ತನಕ ನೆರೆಮನೆಯಿಂದ ಕಡ ತಂದ ಕಾಳಿದ್ದ ಹಾಗೆ. ಅದನ್ನು ಮೊದಲ ದಿನವೇ ಕೊಡಿಸಬೇಕು. ತಪ್ಪಿದರೆ ಮೊದಲ ಸೂಜಿಯಿಂದ 7 ದಿನದೊಳಗೆ. ಇದು ಎಲ್ಲ ಸಣ್ಣ ಕೇಂದ್ರಗಳಲ್ಲಿಯೂ ಇರುವುದಿಲ್ಲ, ಆದುದರಿಂದ ಎಲ್ಲಿ ಸಿಗುತ್ತದೆಂದು ವೈದ್ಯರನ್ನು ಬಾಯಿಬಿಟ್ಟು ಕೇಳಿರಿ. ಬಸುರಿ ಬಾಣಂತಿಯರೂ ಹಾಕಿಸಿಕೊಳ್ಳಬಹುದು. ಪಥ್ಯವೇನೂ ಇಲ್ಲ. ಕಚ್ಚಿ ತಿಂಗಳಾಗಿದ್ದರೂ ಇನ್ನು ಪ್ರಯೋಜನವಿಲ್ಲವೆಂದು ಕೂರದೆ ಹೋಗಿರಿ.

ಕಚ್ಚಿದ ನಾಯಿ ಗುರುತಿನದಾದರೆ 10 ದಿನ ಕಣ್ಣಿಡಿರಿ. ಅದು ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದಕ್ಕೆ ರೋಗವಿರಲಿಲ್ಲವೆಂದು ಅರ್ಥ. ಆದರೆ ನೋಡಿಕೊಂಡು ಆಮೇಲೆ ಹೋಗೋಣವೆಂದು ಲಸಿಕೆಯನ್ನು ತಡೆಯಕೂಡದು.

ನಾಟಿ ವೈದ್ಯರ ಮಾತನ್ನೂ ಆಡಿಬಿಡೋಣ. “ನಮ್ಮೂರ ಅಜ್ಜ ಬೇರು ಕೊಟ್ಟು ನೂರು ಜನರನ್ನು ಉಳಿಸಿದ್ದಾರೆ” ಎಂದು ನೀವು ಹೇಳುತ್ತೀರಿ. ಸುಳ್ಳೆನ್ನಲಾರೆವು, ನೂರು ಜನ ಉಳಿದಿರುವುದು ನಿಜವೇ ಇರಬಹುದು. ಆದರೆ ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಹುಚ್ಚು ಇರುವುದೇ ಇಲ್ಲ. ಬೇರು ಕೊಡದಿದ್ದರೂ ಆ ಜನ ಉಳಿಯುತ್ತಿದ್ದರು. ನಾಯಿಗೆ ನಿಜವಾಗಿ ರೋಗವಿದ್ದಾಗ ಬೇರೂ ಇಲ್ಲ, ತಾಯಿತವೂ ಇಲ್ಲ. ಅಂಥವನು ಸಾಯುವುದು ಎರಡು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ನಾಯಿಯ ನೆನಪೂ ಮಾಸಿರುತ್ತದೆ, ಅಜ್ಜನ ಮೇಲೆ ಯಾರೂ ದೂರು ಹೇಳುವುದಿಲ್ಲ.

ದನಕರುಗಳ ವಿಷಯದಲ್ಲಿ ರೈತನಿಗೆ ಇನ್ನೊಂದು ಅಪಾಯ ಉಂಟು. ಹಸು ಮೇವು ಬಿಟ್ಟು ಜೊಲ್ಲು ಸುರಿಸುತ್ತದೆ, ನುಂಗಲಾರದು, ವಿಕಾರವಾಗಿ ಕೂಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿತೆಂದು ನೀವು ಬಾಯೊಳಗೆ ಕೈ ಹಾಕುತ್ತೀರಿ. ಹುಚ್ಚುನಾಯಿ ಕಚ್ಚಿದ ಹಸುವೂ ಹೀಗೆಯೇ ಮಾಡುತ್ತದೆ. ಕೈಯಲ್ಲಿ ಒಂದು ಸೀಳಿದ್ದರೂ ಜೊಲ್ಲು ಒಳಗೆ ಇಳಿಯಬಹುದು. ಕೈ ಹಾಕದೆ ಪಶುವೈದ್ಯರನ್ನು ಕರೆಯಿರಿ. ಈಗಾಗಲೇ ಹಾಕಿದ್ದರೆ ತೊಳೆದುಕೊಂಡು ನೀವೂ ಆಸ್ಪತ್ರೆಗೆ ನಡೆಯಿರಿ. ಅಂಥ ಹಸುವಿನ ಹಾಲನ್ನು ಕರೆಯಲೇ ಕೂಡದು. ಮೊದಲೇ ಕಾಯಿಸಿ ಕುಡಿದಿದ್ದರೆ ಗಾಬರಿ ಬೇಡ. ನಾಯಿ ಕಚ್ಚಿದ ದನಕ್ಕೆ ರೋಗ ಬರುವ ಮೊದಲೇ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿರಿ.

ಬೇರು ಇರುವುದು ನಾಯಿಯಲ್ಲಿ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ವರ್ಷವರ್ಷ ಲಸಿಕೆಯಾದರೆ ರೋಗ ಹರಡಲು ದಾರಿ ಸಿಗದು. ಪ್ರತಿ ವರ್ಷ ಸೆಪ್ಟೆಂಬರ್ 28ರಂದು ವಿಶ್ವ ರೇಬೀಸ್ ದಿನ. ಅದು ಲೂಯಿ ಪಾಶ್ಚರ್ ತೀರಿಕೊಂಡ ದಿನ. 1885ರಲ್ಲಿ ಈ ರೋಗಕ್ಕೆ ಮೊದಲ ಲಸಿಕೆ ಕೊಟ್ಟವರು ಅವರೇ. ಪಂಚಾಯಿತಿಯವರೂ ಯುವಕ ಸಂಘದವರೂ ಪಶುವೈದ್ಯರಿಗೆ ಮುಂಚೆಯೇ ಬರೆದುಕೊಂಡು, ಆ ವಾರದಲ್ಲಿ ಊರಿನ ನಾಯಿಗಳಿಗೆಲ್ಲ ಸೂಜಿ ಹಾಕಿಸುವ ಏರ್ಪಾಡು ಮಾಡಬಹುದು.

2003ರ ಎಣಿಕೆಯ ಮೇಲೆ ಇನ್ನೊಂದು ಎಣಿಕೆ ಆಗಿದೆ. 2022-23ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ನಡೆಸಿದ ಸಮೀಕ್ಷೆಯ ಪ್ರಕಾರ ಸಾವು ವರ್ಷಕ್ಕೆ 5,726ರಷ್ಟು. ಬಹಳ ಇಳಿದಿದೆ. ಆದರೆ ಅದೇ ಸಮೀಕ್ಷೆ ಕಂಡಂತೆ ನಾಯಿ ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಒಂದು ಸೂಜಿಯನ್ನೂ ಹಾಕಿಸಿಕೊಳ್ಳಲಿಲ್ಲ. ಶುರು ಮಾಡಿದವರಲ್ಲಿ ಅರ್ಧದಷ್ಟು ಜನ ಪೂರ್ತಿ ಮಾಡಲಿಲ್ಲ. ಕಾರಣ ನಿಮಗೇ ಗೊತ್ತು. ಗಾಯ ಮಾಗಿರುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸು ಸಿಗುವುದಿಲ್ಲ.

ಚರ್ಮದ ಸೂಜಿಯ ಸರದಿ 0, 3, 7, 28ನೆಯ ದಿನ. ಸೋಮವಾರ ಮೊದಲನೆಯದಾದರೆ ಗುರುವಾರ ಎರಡನೆಯದು, ಮುಂದಿನ ಸೋಮವಾರ ಮೂರನೆಯದು, ಮೊದಲ ಸೂಜಿಗೆ ಸರಿಯಾಗಿ ನಾಲ್ಕು ವಾರವಾದ ಸೋಮವಾರ ಕಡೆಯದು. ಸ್ನಾಯುವಿಗೆ ಕೊಡುವ ಕಡೆ 14ನೆಯ ದಿನವೂ ಒಂದು ಸೇರಿ ಐದಾಗುತ್ತವೆ. ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯನ್ನು ಗೋಡೆಯ ಪಂಚಾಂಗಕ್ಕೆ ಸಿಕ್ಕಿಸಿ, ಆ ದಿನಗಳ ಮೇಲೆ ಇದ್ದಿಲಿನಿಂದಲಾದರೂ ಗುರುತು ಹಾಕಿ, ಓದುಬರಹ ಬಲ್ಲ ಮಕ್ಕಳಿಗೆ ಹೇಳಿಡಿರಿ. ನೀವು ಮರೆತರೂ ಅವರು ನೆನಪಿಸುತ್ತಾರೆ.